ಏಳನೇ ಬ್ಲಾಕಿನ ಹಸಿರು ದೀಪ

ಫೋನಿನಲ್ಲಿ ಹಸಿರು ದೀಪ. ಅಂದರೆ ಕಾಫಿ ತೋಟದ ಏಳನೇ ಬ್ಲಾಕಿನಲ್ಲಿ ಆನೆ ಇಲ್ಲ.

ಜೀಪಿನ ಮುಂದೆ ಆನೆ!

ಕೊರಳಲ್ಲಿ ರೇಡಿಯೋ ಕಾಲರ್. ಬಾಯಲ್ಲಿ ಅರ್ಧ ಬಾಳೆಗಿಡ.

"ಹಾರ್ನ್ ಹೊಡಿ" ಎಂದೆ.

"ಸುಮ್ಮನಿರಿ ಸಾರ್. ಹೊಡೆದ್ರೆ ನಮ್ಮ ತಿಥಿಗೂ ಅದೇ ಬರ್ತದೆ" ಎಂದ ಡ್ರೈವರ್ ಬೆಳ್ಳಿಯಪ್ಪ.

ಹಿಂದಿನ ಸೀಟಿನಲ್ಲಿ ತುಳಸಿ. ಚೆಟ್ಟಳ್ಳಿಯ ಈ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್. "ಮೊನ್ನೆನೂ ಹೀಗೇ ಹಸಿರು ಇತ್ತು ಸಾರ್! ಈಗ ನಂಬ್ತೀರಾ?"

ಆನೆ ಕಿವಿ ಬಿಚ್ಚಿತು.

ರಿವರ್ಸ್! ಕಾಫಿ ಗಿಡಗಳು ಲಟಲಟನೆ ಮುರಿದವು. ಸೈಡ್ ಮಿರರ್ ಹಾರಿಹೋಯಿತು. ಆ ಕುಲುಕಾಟದಲ್ಲೇ ಫೋನಿನ ಪೇಜನ್ನು ರಿಫ್ರೆಶ್ ಮಾಡಿದೆ.

ಈಗ ಕೆಂಪು!

ಕೇಳಿ, ವಿಷಯ ಇಷ್ಟು. ಮೊನ್ನೆ ಹಸಿರು ನೋಡಿ ತುಳಸಿ ಆಳುಗಳನ್ನು ಕಾಫಿ ಪಿಕಿಂಗಿಗೆ ಕಳಿಸಿದಳು. ಆನೆ ಬಂತು. ಓಡುವಾಗ ಬಿದ್ದು ಅವರಲ್ಲೊಬ್ಬಳಾದ ರಂಗಮ್ಮನ ಕಾಲು ಮುರಿಯಿತು. ಆನೆ ಎಚ್ಚರಿಕೆಯ ಈ ವೆಬ್‌ಸೈಟ್ ಮಾಡಿದ ಕೀರ್ತಿಕುಮಾರ್, 'ನಮ್ಮ ಪೇಜು ಕೆಂಪೇ ತೋರಿಸಿತ್ತು, ರೈಟರ್ ಕಡೆಗಣಿಸಿದಳು' ಎಂದ. ಇವತ್ತು ಸಂಜೆಯೊಳಗೆ ಪೊಲೀಸ್ ದೂರು ಕೊಡುತ್ತಾನಂತೆ. ತುಳಸಿಯ ಕೆಲಸವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಕೋಡ್ ಸರಿಯಿದೆ ಎಂದು ಬರೆದುಕೊಡಲು, ಕೋಡ್ ತಪಾಸಣೆಯೇ ಕಸುಬಾದ ನನ್ನನ್ನು ಅವನೇ ಬೆಂಗಳೂರಿನಿಂದ ಕರೆಸಿದ್ದ. ಪಾಪ!

"ಪೇಜ್ ಯಾವಾಗ ತೆಗೀತೀರಿ?"

"ಹಾಜರಿ ಗಂಟೆ ಹೊಡೆದ ಕೂಡ್ಲೆ, ಇವತ್ತು ನೀವು ತೆಗೆದ ಹಾಗೇ. ಸುತ್ತಿನ ಎಸ್ಟೇಟಿನ ರೈಟರ್‌ಗಳೆಲ್ಲ ಅದೇ ಹೊತ್ತಿಗೆ ತೆಗೆಯೋದಲ್ವಾ?"

ಸಾಕು. ಅಷ್ಟೇ ಬೇಕಿತ್ತು ನನಗೆ.

ಸುಂಟಿಕೊಪ್ಪ. ಕೀರ್ತಿಕುಮಾರನ ಆಫೀಸು. ತುಳಸಿಯೂ ನನ್ನ ಜೊತೆ ಒಳಗೆ ಬಂದಳು. ಡಿಸೆಂಬರಿನ ಚಳಿಯಲ್ಲೂ ಆಸಾಮಿ ಎಸಿ ಹಾಕಿಕೊಂಡು ಕೂತಿದ್ದ.

"ರಿಪೋರ್ಟ್ ಎಲ್ಲಿ?"

"ಇಂಟರ್‌ಸೆಪ್ಟರ್ ತೆಗಿ."

"ಅದು ಪರ್ಫೆಕ್ಟ್! ನಾನೇ ಬರೆದದ್ದು."

"ಅದಕ್ಕೇ ತೆಗಿ ಅಂದೆ."

ತೆಗೆದ. ನೋಡಿದೆ. ನಗು ಬಂತು.

ಇಂಟರ್‌ಸೆಪ್ಟರ್ ಎಂದರೆ ಗೇಟಿನ ವಾಚ್‌ಮನ್ ಅಂದುಕೊಳ್ಳಿ. ಫೋನುಗಳಿಂದ ಬರುವ ಪ್ರತಿ ರಿಕ್ವೆಸ್ಟನ್ನೂ ತಡೆಯುತ್ತಾನೆ. ಯಾವ ಬ್ಲಾಕು, ಆನೆ ಇದೆಯೋ ಇಲ್ಲವೋ ನೋಡುತ್ತಾನೆ. ಉತ್ತರವನ್ನು ಚೀಟಿಯಲ್ಲಿ ಬರೆದು ಆ ರಿಕ್ವೆಸ್ಟಿನ ಕೈಗೇ ಕೊಡಬೇಕು. ವ್ಯೂ, ಅಂದರೆ ಕಣ್ಣಿಗೆ ಕಾಣುವ ಪುಟ, ಆ ಚೀಟಿಯನ್ನು ಓದಿಕೊಳ್ಳುತ್ತದೆ. ಜಾವಾದಲ್ಲಿ ಒಂದೇ ಸಾಲಿನ ಕೆಲಸ.

ಈ ಮಹಾಶಯ ಚೀಟಿ ಕೊಟ್ಟಿರಲಿಲ್ಲ. ಗೇಟಿಗೆ ಸ್ಲೇಟು ನೇತುಹಾಕಿದ್ದ! ಇಡೀ ಸರ್ವರ್‌ಗೆ ಒಬ್ಬನೇ ವಾಚ್‌ಮನ್, ಒಂದೇ ಸ್ಲೇಟು. ತುಳಸಿಯ ಕೆಂಪು ಬರೆದ ಮರುಕ್ಷಣ ಪಕ್ಕದ ಎಸ್ಟೇಟಿನವನ ಹಸಿರು. ತುಳಸಿಯ ಪುಟ ಓದಿದ್ದು ಅದನ್ನು. ಪುಟದ ಮೇಲೆ ಬ್ಲಾಕಿನ ಹೆಸರೂ ಇಲ್ಲ, ಬರೀ ಬಣ್ಣ. ಡಿಸೈನ್ ಕ್ಲೀನಾಗಿರಬೇಕಂತೆ!

"ಟೆಸ್ಟ್ ಮಾಡಿದ್ದೆ!" ಎಂದ.

"ಎಷ್ಟು ಜನ?"

"ನಾನು..."

"ಒಬ್ಬನೇ?"

 

ಕೀರ್ತಿಕುಮಾರ್ ಧಡಕ್ಕನೆ ಎದ್ದ. "ಬೆಂಗಳೂರಲ್ಲಿ ಒಂದು ಕಂಪನಿಯೂ ನಿಮ್ಮನ್ನ ಒಳಗೆ ಬಿಡದ ಹಾಗೆ ಮಾಡ್ತೀನಿ!" ಬಾಗಿಲಲ್ಲಿ ಇಬ್ಬರು ದಾಂಡಿಗರು ಬಂದು ನಿಂತರು.

ಅವರ ಬೆನ್ನಿಗೆ ಬೆಳ್ಳಿಯಪ್ಪ. ಕೈಯಲ್ಲಿ ಜ್ಯಾಕಿನ ರಾಡು. "ದಾರಿ ಬಿಡಿ ಅಣ್ಣಂದಿರೇ. ಬೆಳಿಗ್ಗೆನೇ ನಿಜವಾದ ಆನೆ ನೋಡಿ ಆಗಿದೆ. ನಿಮಗೆ ಹೆದರ್ಲಿಕ್ಕೆ ಪುರುಸೊತ್ತಿಲ್ಲ."

ದಾರಿ ಬಿಟ್ಟರು.

ನಾನು ಫೋನನ್ನು ಕೀರ್ತಿಕುಮಾರನ ಮುಂದಿಟ್ಟೆ. "ನಾಳೆ ಹಾಜರಿ ಗಂಟೆಗೆ ನೀನೇ ಏಳನೇ ಬ್ಲಾಕಿಗೆ ಇಳಿ. ಹಸಿರು ಬಂದ್ರೆ ನಡಿ. ಕೋಡ್ ಪರ್ಫೆಕ್ಟ್ ಅಲ್ವಾ?"

ಬೆವರಿದ. ಎಸಿಯಲ್ಲಿ!

"ದೂರು ಕೊಡಲ್ಲ, ಬಿಡಿ..."

"ಸಾಲದು. ತಪ್ಪು ನಿನ್ನದು ಅಂತ ಎಸ್ಟೇಟ್ ಓನರಿಗೆ ಹೇಳು. ಈಗಲೇ. ಸ್ಪೀಕರ್ ಹಾಕು."

ಹೇಳಿದ. ಎರಡು ಸಲ ತೊದಲಿದ.

ತುಳಸಿ ಅವನನ್ನೇ ನೋಡುತ್ತಿದ್ದಳು. "ರಂಗಮ್ಮಕ್ಕನ ಕಾಲಿಗೂ ಒಂದು ಸಾಲು ಬರೀತೀರಾ ಸಾರ್?"

ಕೋಡಿನ ಸ್ಲೇಟು ಒರೆಸಿ, ಚೀಟಿ ಕೊಡುವ ಆ ಒಂದು ಸಾಲನ್ನು ನಾನೇ ಬರೆದು ಎದ್ದೆ.

ಆನೆಗೆ ಕೋಡ್ ಓದಲು ಬರುವುದಿಲ್ಲ. ಬಂದಿದ್ದರೆ ಅದು ಏಳನೇ ಬ್ಲಾಕಿಗೆ ಹೋಗುತ್ತಿರಲಿಲ್ಲ. ನೇರ ಈ ಆಫೀಸಿಗೇ ಬರುತ್ತಿತ್ತು!