ಚಿತ್ರದ ಬೆನ್ನು ನೋಡಿದವಳು

"ರೀ, ಹಿಂದೆ ಸರೀರಿ!"

ಯಾರೋ ಕನ್ನಡದಲ್ಲಿ ಕೂಗುವಷ್ಟರಲ್ಲೇ ಅಲಾರಂ ಹೊಡೆದುಕೊಳ್ಳತೊಡಗಿತ್ತು.

ಅವಳು ಮಾಡಿದ್ದಿಷ್ಟೇ... ಕೆನ್ನೆಯನ್ನು ಗೋಡೆಗೆ ಒತ್ತಿ, ಹಳೆಯ ಚಿತ್ರವೊಂದರ ಬೆನ್ನನ್ನು ಇಣುಕಿ ನೋಡಿದ್ದಳು. ಪರದೇಶದ ಮ್ಯೂಸಿಯಂನಲ್ಲಿ ಎಲ್ಲರೂ ಚಿತ್ರದ ಮುಖ ನೋಡುತ್ತಿದ್ದರೆ ಇವಳಿಗೆ ಬೆನ್ನೇ ಬೇಕು! ಹನ್ನೊಂದು ವರ್ಷದಿಂದ ಅಪ್ಪನ ಫ್ರೇಮ್ ಅಂಗಡಿಯಲ್ಲಿ ಮರ ಕೊಯ್ದು, ಮೂಲೆ ಕೂಡಿಸಿದವಳು. ಅಭ್ಯಾಸ ಬಿಡಬೇಕಲ್ಲ.

ಕೂಗಿದವನು ಇವರ ಪ್ರವಾಸಿ ತಂಡದ ದುಭಾಷಿ. ಆ ಊರಲ್ಲೇ ನೆಲೆಸಿದ ಕನ್ನಡದವನು, ಅವತ್ತು ಬೆಳಿಗ್ಗೆಯಷ್ಟೇ ತಂಡ ಸೇರಿಕೊಂಡಿದ್ದ. ಕಾವಲುಗಾರ್ತಿ ಓಡಿಬಂದಳು. ಇವಳು ಫ್ರೆಂಚಿನಲ್ಲಿ "ಮೇಡಂ, ಇಲ್ಲಿ..." ಎನ್ನುವಷ್ಟರಲ್ಲಿ ಅವನು ನಡುವೆ ನುಗ್ಗಿ, ಫ್ರೆಂಚಿನಲ್ಲೇ ಪಟಪಟನೆ ಅಂದ: "ಕ್ಷಮಿಸಿ. ಪಾಪ, ಇವರಿಗೆ ಇದೆಲ್ಲ ಏನೂ ಗೊತ್ತಾಗಲ್ಲ."

ಅಯ್ಯೋ! ಎಂಟು ತಿಂಗಳು, ಅಂಗಡಿಯಲ್ಲಿ ಚೌಕಟ್ಟಿನ ಅಂಟು ಒಣಗುವ ತನಕ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಫ್ರೆಂಚ್ ಕಲಿತಿದ್ದಳು. ಒಂದಕ್ಷರ ಬಿಡದೆ ಅರ್ಥವಾದ ಮೊದಲ ಮಾತು ಇದೇ ಆಗಬೇಕೇ?

"ನನ್ನ ಪರವಾಗಿ ಮಾತಾಡೋಕೆ ನೀವ್ಯಾರ್ರೀ?"

"ಹೊರಗೆ ಕಳಿಸ್ತಿದ್ರು. ನಿಮ್ಮನ್ನ ಉಳಿಸಿದೆ!"

"ಉಳಿಸಿದ್ರಾ? ಮಾನ ಕಳೆದ್ರಿ."

ಅವನ ಮುಖ ಸಪ್ಪಗಾಯಿತು. "ನಿಮಗೆ... ಫ್ರೆಂಚ್ ಬರುತ್ತಾ?"

ಅವಳು ಕಣ್ಣು ತುಂಬಿದ್ದು ಅವನಿಗೆ ಕಾಣಬಾರದೆಂದು ತಿರುಗಿ ನಡೆದುಬಿಟ್ಟಳು.

ಆ ಚಿತ್ರದ ಹಿಂದೆ, ಕೆಳ ಅಂಚಿನಲ್ಲಿ ಅವಳು ಕಂಡಿದ್ದು ಮರದ ಪುಡಿ. ಹೊಸ ಪುಡಿ! ಚೌಕಟ್ಟನ್ನು ಒಳಗಿಂದ ಹುಳು ತಿನ್ನುತ್ತಿದೆ, ಮೂಲೆ ಬಾಯಿ ಬಿಟ್ಟಿದೆ. ಹೇಳದಿದ್ದರೆ ಇನ್ನೂರು ವರ್ಷದ ಚಿತ್ರ ಒಂದು ದಿನ ನೆಲಕ್ಕೆ ಬೀಳುತ್ತದೆ.

"ಆ ಹುಡುಗನ ಕೈಲಿ ಹೇಳಿಸಮ್ಮಾ," ಎಂದರು ಜೊತೆಗೆ ಬಂದಿದ್ದ ಸೋದರತ್ತೆ.

"ಇಲ್ಲ ಅತ್ತೆ. ತೊದಲಿದ್ರೂ ನಾನೇ ಹೇಳ್ತೀನಿ."

"ನಿಮ್ಮಪ್ಪನ ಹಟವೇ ಬಂದಿದೆ, ತಗೋ!"

ಮರುದಿನ ಬೇರೆರಡು ಮ್ಯೂಸಿಯಂ ನೋಡಿದರು. ಚಿನ್ನದ ಲೇಪದ ಚೌಕಟ್ಟುಗಳನ್ನು ಕಂಡು ಅವಳ ಕಣ್ಣು ಅರಳಿತು. ನಡುನಡುವೆ ಕಾವಲುಗಾರರನ್ನು ನಿಲ್ಲಿಸಿ ಮರಕ್ಕೆ ಏನಂತೀರಿ, ಹುಳುವಿಗೆ ಏನಂತೀರಿ ಎಂದು ಕೇಳಿದಳು. ಕೆಲವರು ನಕ್ಕರು. ನಗಲಿ ಬಿಡಿ! ನಾಲ್ಕು ಹೆಜ್ಜೆ ದೂರದಲ್ಲಿ ದುಭಾಷಿ ಸುಮ್ಮನೆ ನಿಂತು ನೋಡುತ್ತಿದ್ದ. 'ಎಂಥವಳಿಗೆ ಎಂಥ ಮಾತಾಡಿಬಿಟ್ಟೆ...' ಎಂದು ತನ್ನನ್ನೇ ಬೈದುಕೊಂಡ.

ಕೊನೆಯ ದಿನ ಅವಳು ಒಬ್ಬಳೇ ಮೊದಲ ಮ್ಯೂಸಿಯಂಗೆ ಹೋದರೆ, ಬಾಗಿಲಲ್ಲಿ ಅವನು! ಅತ್ತೆ ಹೇಳಿದ್ದರಂತೆ.

"ಬಂದಿದ್ದೀರಿ, ಇರಿ. ಬಾಯಿ ಬಿಟ್ರೆ ಮಾತ್ರ ನೋಡಿ!"

ಅವನು ಕತ್ತು ಆಡಿಸಿದ.

ಅವಳು ಕಾವಲುಗಾರ್ತಿಯನ್ನು ಕೇಳಿಕೊಂಡ ಮೇಲೆ ಚಿತ್ರಗಳ ದುರಸ್ತಿ ವಿಭಾಗದ ಹಿರಿಯ ಹೆಂಗಸು ಬಂದರು. ಇವಳು ಶುರು ಮಾಡಿದಳು. "ಮರ... ಪುಡಿ... ಹೊಸದು..." ಮುಂದಿನ ಪದ ಹೊಳೆಯಲಿಲ್ಲ. ಆಕೆ ಸಹಜವಾಗಿ ದುಭಾಷಿಯ ಕಡೆ ತಿರುಗಿದರು. ಅವನಿಗೆ ಎಲ್ಲ ಪದವೂ ತುಟಿಯಲ್ಲೇ ಇತ್ತು. ಆದರೂ ಕೈಕಟ್ಟಿ ಫ್ರೆಂಚಿನಲ್ಲಿ ಅಂದ: "ಅವರನ್ನೇ ಕೇಳಿ. ಇದು ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ."

ಅವಳು ತಿರುಗಿ ಅವನನ್ನೊಮ್ಮೆ ನೋಡಿದಳು. ಉಸಿರೆಳೆದು ಹೇಳಿದಳು. "ಹಳೆಯ ಪುಡಿ ಕಪ್ಪಾಗುತ್ತದೆ. ಇದು ಬೆಳ್ಳಗಿದೆ. ಹುಳು ಇನ್ನೂ ತಿನ್ನುತ್ತಿದೆ. ಎಡಗಡೆ ಮೂಲೆ ನೋಡಿ."

ಆಕೆ ಟಾರ್ಚ್ ಹಿಡಿದು ಮಂಡಿಯೂರಿದರು. ಕೂಡಲೇ ಆಳುಗಳನ್ನು ಕರೆದು ಚಿತ್ರ ಇಳಿಸಿದರು. ಹಿಂಬದಿಯ ಮೂಲೆಗೆ ಬೆರಳು ತಾಗಿಸಿದ್ದೇ ತಡ, ಮರ ಹಿಟ್ಟಾಗಿ ಉದುರಿತು!

"ಯಾರಮ್ಮಾ ನೀನು?" ಎಂದು ಆಕೆ ಬೆರಗಿನಿಂದ ಕೇಳಿದರು.

"ನಾನು ಚೌಕಟ್ಟು ಮಾಡುವವಳು." ತಲೆ ಎತ್ತಿ, ಒಂದೂ ತಪ್ಪಿಲ್ಲದ ಫ್ರೆಂಚಿನಲ್ಲಿ ಹೇಳಿದಳು.

ಆಕೆ ಎರಡೂ ಕೈಯಿಂದ ಅವಳ ಕೈ ಹಿಡಿದುಕೊಂಡರು. ಆ ಬೆರಳುಗಳಲ್ಲೂ ಇವಳ ಬೆರಳಿನಂಥದೇ ಜಡ್ಡು. ಊರಲ್ಲಿರುವ ಅಪ್ಪ ಇದನ್ನು ನೋಡಬೇಕಿತ್ತು ಎಂದು ಅವಳಿಗೆ ಅನಿಸಿತು.

ಹೊರಗೆ ಮೆಟ್ಟಿಲ ಮೇಲೆ ಅವನು ತಡವರಿಸಿದ. "ಹದಿನಾಲ್ಕು ವರ್ಷ ಬೇರೆಯವರ ಮಾತೇ ಆಡಿದೆ. ನನ್ನ ಮಾತು ಆಡಬೇಕು ಅಂದ್ರೆ... ಬರ್ತಾನೇ ಇಲ್ಲ."

"ನಿಧಾನಕ್ಕೆ ಹೇಳಿ. ನಾನೇನೂ ನಡುವೆ ಬಾಯಿ ಹಾಕಲ್ಲ."

"ಆ ದಿನ ತಪ್ಪು ಮಾಡಿದೆ, ಕ್ಷಮಿಸಿ. ಮತ್ತೆ... ನೀವಂದ್ರೆ ನನಗೆ ತುಂಬಾ ಇಷ್ಟ. ನಿಮ್ಮೂರಿಗೆ ಬರಬಹುದಾ?"

"ಏನಂತ ಬರ್ತೀರಿ?"

"ಹೆಣ್ಣು ಕೇಳೋಕೆ. ಮೊದಲು ನಿಮ್ಮನ್ನ, ಆಮೇಲೆ ನಿಮ್ಮಪ್ಪನ್ನ."

ಅವಳ ಮುಖ ಕೆಂಪಾಯಿತು. "ಬನ್ನಿ... ನನಗೂ ಇಷ್ಟ."

ಬೀದಿಯ ಆಚೆ ಬದಿಯಿಂದ ಅತ್ತೆ ಕೈಬೀಸುತ್ತಾ ಬರುತ್ತಿದ್ದರು.

"ಅತ್ತೆಗೆ ನಾನು ಹೇಳ್ಲಾ?" ಎಂದ ಅವನು ಮೆಲ್ಲಗೆ.

ಅವಳು ಅವನ ಕೈ ಹಿಡಿದಳು. "ಬೇಡ. ನಾನೇ ಹೇಳ್ತೀನಿ."