ಅರಿಶಿನದಲ್ಲೇ ನಿಂತ ಮದುವೆ

"ನೀವು ಮಾರಿದ್ದು ಓಡೋ ಕುದುರೆ ಅಲ್ಲ ಸಾರ್. ನಾಲ್ಕು ಹೆಜ್ಜೆ ಓಡಿ ಮಲಗೋ ಕತ್ತೆ."

ಕೋಲಾರದ ಕಂಪ್ಯೂಟರ್ ಅಂಗಡಿಯಲ್ಲಿ ಗಂಗಾಲಕ್ಷ್ಮಿ ಕದಿರೇಶನಿಗೆ ಆಡಿದ ಮೊದಲ ಮಾತು ಇದು. ಅವಳ ಊರಾದ ದೇವರಾಯಸಮುದ್ರದವರು ಈ ಕಥೆಯನ್ನು ಇಲ್ಲಿಂದಲೇ ಆರಂಭಿಸುತ್ತಾರೆ. ಕತ್ತೆ ಎಂದಳೋ, ಎಮ್ಮೆ ಎಂದಳೋ ಎಂಬಲ್ಲಿ ಮಾತ್ರ ಹೇಳುವವರಲ್ಲಿ ಭೇದವುಂಟು.

ಗಂಗಾಲಕ್ಷ್ಮಿ ಮನೆಯಲ್ಲೇ ಕುಳಿತು ಮದುವೆ ವೀಡಿಯೋಗಳನ್ನು ಎಡಿಟ್ ಮಾಡುವವಳು. ಫೈಲುಗಳನ್ನಿಡಲು ಅವಳು ಕೊಂಡ ಎಸ್‌ಎಸ್‌ಡಿ ಡ್ರೈವ್ ಮೊದಮೊದಲು ಮಿಂಚಿನಂತೆ ಓಡಿ, ದೊಡ್ಡ ಫೈಲುಗಳು ಬಂದೊಡನೆ ತೆವಳತೊಡಗಿತ್ತು.

ಕದಿರೇಶ ಸಿಟ್ಟಾಗಲಿಲ್ಲ. ಪರೀಕ್ಷೆಯ ಸಾಫ್ಟ್‌ವೇರ್ ಓಡಿಸಿ ಅಂಕಿಗಳನ್ನು ತೋರಿಸಿದ. ಅಂಕಿಗಳೇನೋ ಚೆನ್ನಾಗಿಯೇ ಇದ್ದವು.

"ಚಿಟಿಕೆ ಫೈಲ್ ಹಾಕಿದ್ರೆ ಯಾವುದು ಓಡಲ್ಲ? ಒಂದು ಇಡೀ ಮದುವೆ ಹಾಕಿ ನೋಡ್ಬೇಕು. ಧೈರ್ಯ ಇದ್ರೆ ನಮ್ಮನೆಗೆ ಬನ್ನಿ," ಎಂದಳು.

ಮುಂದಿನ ಭಾನುವಾರ ಅವನು ಬೇರೊಂದು ಡ್ರೈವ್ ಹಿಡಿದು ಬಂದ. ಅವಳ ತಾಯಿ ಆದಿಲಕ್ಷ್ಮಮ್ಮ ಮಜ್ಜಿಗೆ ಕೊಟ್ಟು ಬಾಗಿಲ ಬಳಿಯೇ ಕುಳಿತರು.

ಎರಡು ಡ್ರೈವ್‌ಗಳ ಮೇಲೂ ಒಂದೇ ಭಾರ ಬೀಳಬೇಕಲ್ಲವೇ? ಅದಕ್ಕೆ ಗಂಗಾಲಕ್ಷ್ಮಿ ತನ್ನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಫೋಲ್ಡರನ್ನು ಆರಿಸಿದಳು. ಅದು ವಾರಸುದಾರರಿಲ್ಲದ ಮದುವೆ. ಚಿತ್ರ ತೆಗೆದವನೇ, "ಆ ಕೆಲಸ ಬಿಡಮ್ಮಾ, ಅವರಿಗೆ ಬೇಡ್ವಂತೆ," ಎಂದು ತನ್ನಲ್ಲಿದ್ದುದನ್ನೂ ಅಳಿಸಿಹಾಕಿದ್ದ. ಇವಳು ಅದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಅವಳ ಪಾಲಿಗೆ ಅದು ಬರಿಯ ತೂಕದ ಕಲ್ಲು.

ಫೋಲ್ಡರಿನ ಹೆಸರು "ಮುನಿಲಕ್ಷ್ಮಿ, ಲಕ್ಕೂರು" ಎಂದಿತ್ತು.

ಅದನ್ನು ಓದಿದ ಕದಿರೇಶ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟ. ಮತ್ತೆ ಎತ್ತಲಿಲ್ಲ.

ಹಳೆಯ ಡ್ರೈವ್ ಅರ್ಧ ದಾರಿಯಲ್ಲೇ ಇರುವೆಯ ಸಾಲಿನಂತೆ ನಿಧಾನವಾಯಿತು. "ಇನ್ನೇನ್ ನೋಡೋದು," ಎಂದು ಗಂಗಾಲಕ್ಷ್ಮಿ ಕಾಪಿಯನ್ನು ನಡುವೆಯೇ ನಿಲ್ಲಿಸಿದಳು. ಹೊಸದು ಒಂದೇ ವೇಗದಲ್ಲಿ ಕೊನೆ ಮುಟ್ಟಿತು.

ಸೋತೆನೆಂದು ಅವನು ಒಪ್ಪಿಕೊಂಡ. ಒಳ್ಳೆಯದನ್ನು ಅವಳ ಕಂಪ್ಯೂಟರಿಗೆ ಜೋಡಿಸಿ, ಎಲ್ಲ ಮದುವೆಗಳನ್ನೂ ಅದಕ್ಕೇ ಸಾಗಿಸಿಕೊಟ್ಟ. ಅಳಿಸಿದ ಜಾಗವನ್ನು ಇದು ತಾನಾಗಿ ಶುಚಿ ಮಾಡಿಕೊಳ್ಳುತ್ತದೆ, ಹಳೆಯ ಹಾರ್ಡ್‌ಡಿಸ್ಕಿನ ಹಾಗೆ ಅಳಿಸಿದ್ದು ಮರಳಿ ಸಿಗುವುದಿಲ್ಲ, ಜೋಕೆ ಎಂದೂ ಹೇಳಿದ. ಕೆಟ್ಟ ಡ್ರೈವನ್ನು ಅವಳು ಹೊಲಿಗೆ ಯಂತ್ರದ ಡ್ರಾಯರಿಗೆ ಎಸೆದಳು.

ಅಂದಿನಿಂದ ಅಂಗಡಿಗೆ ಹೊಸ ಡ್ರೈವ್ ಬಂದಾಗಲೆಲ್ಲ ಕದಿರೇಶ ಅದನ್ನು ಹಿಡಿದು ಬರುತ್ತಿದ್ದ. ಇಬ್ಬರೂ ಪರದೆಯ ಮುಂದೆ ಕುಳಿತು ಹಸಿರು ಪಟ್ಟಿ ಬೆಳೆಯುವುದನ್ನು ನೋಡುತ್ತಿದ್ದರು. ಅವನ ಬೈಕಿನ ಸದ್ದು ಕೆರೆಯ ಏರಿಯ ಮೇಲೆ ಕೇಳಿದರೆ ಸಾಕು, ಅವಳ ಕೈ ತಾನಾಗಿ ತಲೆಗೂದಲಿಗೆ ಹೋಗುತ್ತಿತ್ತು.

ಆದರೆ ಅವನು ಬೇರೆ ಯಾವ ಮದುವೆಯನ್ನೂ ಒಪ್ಪುತ್ತಿರಲಿಲ್ಲ.

"ಮುನಿಲಕ್ಷ್ಮೀದೇ ಹಾಕಿ," ಎನ್ನುತ್ತಿದ್ದ. ಎಷ್ಟು ಮೆತ್ತಗಿನ ದನಿ…

ಅವನೂ ಲಕ್ಕೂರಿನವನೇ ಎಂದು ತಿಳಿದ ದಿನ ಗಂಗಾಲಕ್ಷ್ಮಿಗೆ ಎಲ್ಲ ಅರ್ಥವಾದಂತಾಯಿತು. 'ಹಾಗಾದರೆ ಇವನು ನನ್ನನ್ನು ನೋಡಲು ಬರುತ್ತಿಲ್ಲ. ಮತ್ತೊಬ್ಬನ ಕೈ ಹಿಡಿದವಳ ಹೆಸರನ್ನು ನೋಡಲು ಬರುತ್ತಿದ್ದಾನೆ. ನಾನೇ ಪ್ರತಿಸಲ ಅವಳ ಮದುವೆಗೆ ಇವನನ್ನು ಕರೆದು ಕೂರಿಸುತ್ತಿದ್ದೇನೆ…'

ಅದೇ ಉರಿಯಲ್ಲಿ ಫೋಲ್ಡರನ್ನು ಅಳಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಯಿತು.

ಮತ್ತೆ ಅವನು ಬಂದು ಅದೇ ಹೆಸರು ಹೇಳಿದಾಗ, ಅವಳು ತಲೆಯೆತ್ತದೆ ನುಡಿದಳು: "ಅಳಿಸ್ಬಿಟ್ಟೆ. ಇನ್ನೊಬ್ಬರ ಹೆಂಡ್ತೀನ ಎಷ್ಟು ದಿನ ಅಂತ ನೋಡ್ತಾ ಕೂರ್ತೀರಾ?"

ಕದಿರೇಶ ಕೈಯಲ್ಲಿದ್ದ ಡ್ರೈವನ್ನು ಮೇಜಿನ ಮೇಲಿಟ್ಟ.

"ಅವಳು ನನ್ನ ತಂಗಿ ಕಣ್ರೀ. ಶಿವರಾತ್ರಿಗೆ ಮುಂಚೆ ಮದ್ವೆ ಮಾಡ್ಕೊಟ್ವಿ. ಗೌರಿಹಬ್ಬಕ್ಕೆ ಅವಳಿರ್ಲಿಲ್ಲ."

ಗಂಡನ ಮನೆಯಲ್ಲಿ ಏನಾಯಿತೆಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವನ ತಾಯಿ ಶಾಮಲಮ್ಮ ಮಗಳ ಫೋಟೋಗಳನ್ನೆಲ್ಲ ಒಲೆಗೆ ಹಾಕಿದ್ದಳಂತೆ. ಮನೆಯಲ್ಲಿ ಹೆಸರೆತ್ತುವಂತಿಲ್ಲ.

"ಹೇಳಿದ್ರೆ ನೀವು ಪ್ಲೇ ಮಾಡಿ ತೋರಿಸ್ತೀರ ಅಂತ ಭಯ. ಅವಳ ಮುಖ ನೋಡೋ ಶಕ್ತಿ ಇರ್ಲಿಲ್ಲ. ಹಾಗೇ ಹೆಸರು ಹಾದುಹೋಗೋದು ನೋಡಿದ್ರೆ… ಎಲ್ಲೋ ಇದ್ದಾಳೆ ಅನ್ನಿಸ್ತಿತ್ತು."

ತಂದ ಡ್ರೈವನ್ನು ಮೇಜಿನ ಮೇಲೇ ಬಿಟ್ಟು ಅವನು ಹೊರಟುಹೋದ.

ಗಂಗಾಲಕ್ಷ್ಮಿ ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್‌ಗಳನ್ನೆಲ್ಲ ಓಡಿಸಿದಳು. ಒಂದೂ ಏನನ್ನೂ ಮರಳಿಸಲಿಲ್ಲ. ಪರೀಕ್ಷಿಸಿ ಮಾರಿದ ಡ್ರೈವ್‌ಗಳು ಮಾಲೂರು, ಶ್ರೀನಿವಾಸಪುರದ ಮನೆಗಳಲ್ಲಿದ್ದವು, ಆದರೆ ಮಾರುವ ಮುನ್ನ ಎಲ್ಲವನ್ನೂ ಬರಿದು ಮಾಡಿದವನು ಕದಿರೇಶನೇ. 'ಸತ್ತವಳನ್ನು ಎರಡನೆಯ ಸಲ ಸಾಯಿಸಿದೆನಲ್ಲ…' ಅನ್ನ ಸೇರಲಿಲ್ಲ. ಬಂದ ಕೆಲಸಗಳನ್ನೆಲ್ಲ ಹಿಂದಿರುಗಿಸಿದಳು.

"ಕೈ ಕಟ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತೇನೇ? ರವಿಕೆನಾದ್ರೂ ಹೊಲಿ," ಎಂದರು ಆದಿಲಕ್ಷ್ಮಮ್ಮ.

ದಾರದ ಉಂಡೆಗಾಗಿ ಡ್ರಾಯರ್ ಎಳೆದವಳ ಬೆರಳಿಗೆ ತಣ್ಣಗಿನದೊಂದು ತಗುಲಿತು.

ಆ ಕತ್ತೆ.

ಮರುದಿನ ಅವಳು ಕೋಲಾರದ ಬಸ್ಸು ಹತ್ತಿದಳು. ಅಂಗಡಿಯಲ್ಲಿ ಅವನೊಬ್ಬನೇ ಇದ್ದ, ಗಡ್ಡ ಬೆಳೆದಿತ್ತು. ಅವಳು ಡ್ರೈವನ್ನು ಜೋಡಿಸಿ, ಅಂದು ಅರ್ಧಕ್ಕೇ ನಿಂತ ಕಾಪಿಯಲ್ಲಿ ಉಳಿದಿದ್ದ ಕ್ಲಿಪ್‌ಗಳಲ್ಲಿ ಕೊನೆಯದನ್ನು ತೆರೆದಳು.

ಅರಿಶಿನದ ಶಾಸ್ತ್ರ. ಮುಖವೆಲ್ಲ ಹಳದಿಯಾದ ಮುನಿಲಕ್ಷ್ಮಿ ಮಣೆಯ ಮೇಲಿಂದ ತಿರುಗಿ, ಕ್ಯಾಮೆರಾದ ಹಿಂದೆ ಓಡಾಡುತ್ತಿದ್ದ ಅಣ್ಣನನ್ನು ಊಟವಾಯಿತೇ ಎಂದು ಮನೆಯ ತೆಲುಗಿನಲ್ಲಿ ಕೇಳಿದಳು: "ಅನ್ನಾ, ತಿಂಟಿವಾ?"

ಅಲ್ಲಿಗೆ ಮುಗಿಯಿತು.

"ಮುಂದೆ ಇಲ್ಲ…" ಎಂದಳು ಗಂಗಾಲಕ್ಷ್ಮಿ. "ತಾಳಿ ಕಟ್ಟೋದು ಬರೋ ಮುಂಚೇನೇ ನಾನು ನಿಲ್ಲಿಸ್ಬಿಟ್ಟಿದ್ದೆ."

ಕದಿರೇಶ ಪರದೆಯ ಮೇಲೆ ಅಂಗೈ ಇಟ್ಟು ಅತ್ತ. ಕೊನೆಗೆ ಹೇಳಿದ: "ಮುಂದಿನದು ಬೇಡ. ಇದ್ರಲ್ಲಿ ಅವಳು ಇನ್ನೂ ನಮ್ಮನೇಲೇ ಇದ್ದಾಳೆ."

"ನಿಮ್ಮ ಮನಸ್ಸು ಅವಳ ಮೇಲಿದೆ ಅಂತ ಉರಿದುಹೋಗಿದ್ದೆ. ನನ್ನ ಕಡೆ ಒಂದು ಸಲಾನೂ ನೋಡಲ್ಲ ಅಂತ."

"ಮೊದಲೆಲ್ಲ ಅವಳಿಗೋಸ್ಕರಾನೇ ಬರ್ತಿದ್ದೆ. ಆಮೇಲೆ… ಇಬ್ಬರಿಗೂ."

ಪರದೆಯಲ್ಲಿ ಹಳದಿಯ ಮುಖ ತಿರುಗಿದಂತೆಯೇ ನಿಂತಿತ್ತು.

"ಅವತ್ತು ಅವಳಿಗೆ ನಾನು ಉತ್ತರ ಕೊಡ್ಲಿಲ್ಲ ಗಂಗಾ. ಕೆಲಸ ಇತ್ತು."

ಅವಳು ಸೆರಗಿನಿಂದ ಅವನ ಕಣ್ಣೊರೆಸಿದಳು.

"ಈಗ ನಾನು ಕೇಳ್ತೀನಿ, ಹೇಳಿ. ಊಟ ಆಯ್ತಾ?"

"ಇಲ್ಲ."