ಹಿಂದೆನೇ ಬರ್ತೀನಿ

"ಅಲುಗಾಡ್ಬೇಡಿ, ಸುಮ್ನೆ ನಿಂತ್ಕೊಳಿ. ಕರೆಂಟ್ ಹೋಗಿದೆ ಅಷ್ಟೇ, ಲಿಫ್ಟಿನ ಹಗ್ಗ ಹೋಗಿಲ್ಲ," ಎಂದು ಮೇಲಿನಿಂದ ಕಾವಲುಗಾರ ಕೂಗಿದ.

ಆ ಸಮಾಧಾನ ಕೇಳಿ ಅವಳ ಕೈಕಾಲು ಇನ್ನಷ್ಟು ತಣ್ಣಗಾದವು. ಹಗ್ಗದ ಯೋಚನೆ ಅಲ್ಲಿಯವರೆಗೆ ಅವಳಿಗೆ ಬಂದೇ ಇರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಅನುವಾದ ಕಲಿಸಲು ಅವಳು ಬಂದ ಮೊದಲ ದಿನವದು. ತಡವಾಯಿತೆಂದು ಓಡಿಬಂದು, ಮುಚ್ಚುತ್ತಿದ್ದ ಬಾಗಿಲ ಸಂದಿಯಲ್ಲಿ ಲಿಫ್ಟಿನೊಳಗೆ ನುಗ್ಗಿದ್ದಳು. ಕೈಜಾರಿದ ಊರುಗೋಲನ್ನು ಎತ್ತಿಕೊಳ್ಳಲು ಯಾರೋ ಬಗ್ಗಿದ್ದರು. ಮುಖ ಕಾಣುವ ಮೊದಲೇ ಕತ್ತಲು ಕವಿದು, ಎರಡು ಮಹಡಿಗಳ ನಡುವೆ ಲಿಫ್ಟ್ ಧಡ್ ಎಂದು ನಿಂತಿತ್ತು.

"ಏನೂ ಆಗಲ್ಲ," ಎಂದಿತು ಕತ್ತಲಲ್ಲಿ ಒಂದು ದನಿ.

ಅವಳು ತಟ್ಟನೆ ದನಿಯ ಕಡೆ ತಿರುಗಿದಳು. ಲಿಫ್ಟ್ ಕಳಚಿ ಬಿದ್ದಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ. ಈ ದನಿ... ಈ ಮಾತು...

ಹಿಂದೊಮ್ಮೆ, ದೂರದ ದೇಶವೊಂದರಲ್ಲಿದ್ದ ನಮ್ಮ ರಾಯಭಾರ ಕಚೇರಿಯಲ್ಲಿ ಆ ದನಿಯವರು ಅಧಿಕಾರಿ, ಅವಳು ದುಭಾಷಿ. ಅವರು ಅಳೆದು ತೂಗಿ ಆಡುವ ಮಾತನ್ನು ಅವಳು ಇನ್ನೊಂದು ಭಾಷೆಗೆ ದಾಟಿಸುತ್ತಿದ್ದಳು. ಹಾಗೆ ದಾಟಿಸುತ್ತ ದಾಟಿಸುತ್ತ ತನ್ನ ಮನಸ್ಸನ್ನೂ ಅವರ ಕಡೆಗೆ ದಾಟಿಸಿಬಿಟ್ಟಿದ್ದಳು.

ಬೀದಿಯಲ್ಲಿ ಗುಂಡಿನ ಸದ್ದು ಶುರುವಾದ ದಿನ ಅವರು ಅವಳನ್ನು ವ್ಯಾನಿಗೆ ಹತ್ತಿಸಿ, "ಏನೂ ಆಗಲ್ಲ. ನೀವು ಮೊದಲು ಹೋಗಿ, ನಾನು ಹಿಂದೆನೇ ಬರ್ತೀನಿ" ಎಂದಿದ್ದರು.

ಬರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಬಂದು ನಿಂತ ಒಂದೊಂದು ವ್ಯಾನಿನ ಬಾಗಿಲನ್ನೂ ನೋಡುತ್ತ ಅವಳು ಜೀವ ಕೈಯಲ್ಲಿ ಹಿಡಿದು ಕುಳಿತಿದ್ದಳು. ಎಷ್ಟೋ ವಾರಗಳ ಮೇಲೆ ಅವರ ಒಂದು ಫೋನ್ ಬಂತು. "ಚೆನ್ನಾಗಿದ್ದೀನಿ. ನೀವು ಚಿಂತೆ ಮಾಡ್ಬೇಡಿ." ಅಷ್ಟೇ.

"ಸರ್..." ಎಂದಳು ಅವಳು ಕತ್ತಲಿಗೆ.

ಊರುಗೋಲು ಮತ್ತೆ ಕೆಳಗೆ ಬಿದ್ದ ಸದ್ದಾಯಿತು. "ನೀವಾ?"

"ಇಲ್ಲಿ ಏನ್ ಮಾಡ್ತಿದ್ದೀರಿ?" ಎಂದಳು.

"ಆ ಕೆಲಸ ಬಿಟ್ಟೆ. ಈಗ ಇಲ್ಲಿ ಪ್ರೊಫೆಸರ್, ಸಂಧಾನದ ಪಾಠ ಹೇಳ್ತೀನಿ. ಹುಡುಗರು ಹಿಂದಿನಿಂದ 'ಏನೂ ಆಗಲ್ಲ ಮೇಷ್ಟ್ರು' ಅಂತಾರಂತೆ."

ಲಿಫ್ಟ್ ನರಳಿತು, ಗೇಣುದ್ದ ಜಾರಿತು. ಅವಳು ಚೀರಿ ಅವರ ಕೋಟಿನ ತೋಳು ಹಿಡಿದುಕೊಂಡಳು.

ಅಷ್ಟರಲ್ಲಿ ತಲೆಯ ಮಟ್ಟದಲ್ಲಿ ಬೆಳಕಿನ ಗೆರೆಯೊಂದು ಮೂಡಿ ಅಗಲವಾಯಿತು. ಕಾವಲುಗಾರ ಕಬ್ಬಿಣದ ಸರಳಿನಿಂದ ಬಾಗಿಲು ಮೀಟಿದ್ದ. "ಒಬ್ಬೊಬ್ಬರೇ ಹತ್ತಿ ಬನ್ನಿ. ಮೇಷ್ಟ್ರೇ, ಮೊದಲು ಮೇಡಂನ ಕಳಿಸಿ."

"ನೀವು ಮೊದಲು ಹೋಗಿ," ಎಂದರು ಅವರು. "ನಾನು ಹಿಂದೆನೇ..."

ಮಾತು ಅಲ್ಲೇ ಸಿಕ್ಕಿಕೊಂಡಿತು.

"ಹೋಗಲ್ಲ," ಎಂದಳು. "ಆ ಮಾತನ್ನ ಒಂದು ಸಲ ನಂಬಿದ್ದು ಸಾಕು. ಯಾಕೆ ಬರಲಿಲ್ಲ ನೀವು?"

"ಒಳಗೆ ಇನ್ನೂ ಜನ ಇದ್ರು. ಅವರನ್ನ ಹೊರಡಿಸೋ ಹೊತ್ತಿಗೆ ಗೋಡೆ ಕುಸಿದು ಕಾಲಿನ ಮೇಲೆ ಬಿತ್ತು."

"ಫೋನಲ್ಲಿ ಚೆನ್ನಾಗಿದ್ದೀನಿ ಅಂದ್ರಲ್ಲ?"

"ಆಸ್ಪತ್ರೆ ಮಂಚದಿಂದ ಅಂದೆ. ಕಾಲು ಉಳಿಯುತ್ತೋ ಇಲ್ವೋ ಗೊತ್ತಿರಲಿಲ್ಲ. ನಿಜ ಹೇಳಿದ್ರೆ ನೀವು ಕನಿಕರಪಟ್ಟು ಓಡಿ ಬರ್ತೀರಿ ಅಂತ..."

"ನಾನು ಅದನ್ನ ಬೇರೆ ಥರ ಅನುವಾದ ಮಾಡ್ಕೊಂಡೆ. ಚೆನ್ನಾಗಿದ್ದೀನಿ ಅಂದ್ರೆ, ನೀವು ಬೇಕಾಗಿಲ್ಲ ಅಂತ."

"ನನ್ನ ಮಾತನ್ನ ನೀವು ತಪ್ಪಾಗಿ ಅನುವಾದ ಮಾಡಿದ್ದು ಅದೊಂದೇ ಸಲ."

"ಸಂಧಾನ ಎಲ್ಲ ಮೇಲೆ ಬಂದು ಮುಗಿಸ್ಕೊಳಿ," ಎಂದ ಕಾವಲುಗಾರ. "ಈ ಸರಳನ್ನ ಎಷ್ಟು ಹೊತ್ತು ಹಿಡ್ಕೊಳ್ಳಲಿ ನಾನು?"

"ನನಗೆ ಭಯ ಆಗ್ತಿದೆ," ಎಂದರು ಅವರು ಮೆಲ್ಲಗೆ.

ಅವರ ಬಾಯಿಂದ ಕೇಳಿ ಅವಳು ಎಂದೂ ದಾಟಿಸದ ಮಾತು ಅದು.

"ಲಿಫ್ಟಿಗಾ?"

"ಅಲ್ಲ. ನೀವು ಮೇಲೆ ಹತ್ತಿ ಹಾಗೇ ಹೊರಟುಹೋದ್ರೆ ಅಂತ."

ಅವಳು ಅವರ ತೋಳು ಬಿಟ್ಟಳು. "ಹಾಗಾದ್ರೆ ನೀವೇ ಮೊದಲು ಹೋಗಿ. ನಾನು ಹಿಂದೆನೇ ಬರ್ತೀನಿ."

ಅವರು ಮೇಲಕ್ಕೆ ಕೈ ಚಾಚಿದರು. ಕಾವಲುಗಾರ ಎಳೆದ, ಅವಳು ಕೆಳಗಿನಿಂದ ಆಸರೆ ಕೊಟ್ಟಳು. ಕುಂಟುಕಾಲು ಗೋಡೆಯನ್ನು ತಡಕಾಡಿ, ಕೊನೆಗೆ ಬೆಳಕಿನಲ್ಲಿ ಮಾಯವಾಯಿತು.

ಸಂದಿ ಖಾಲಿಯಾಯಿತು.

ಕಾಲಡಿಯ ತಗಡು ಕಿರುಗುಟ್ಟಿತು. ಒಬ್ಬಳೇ. ಮತ್ತೆ ಅದೇ ಕಾಯುವಿಕೆ, ಯಾರೂ ಇಳಿಯದ ಅದೇ ಬಾಗಿಲು...

ಬೆಳಕಿಗೆ ಏನೋ ಅಡ್ಡ ಬಂತು. ಅವರು ಕೋಟಿನ ಸಮೇತ ನೆಲದ ಮೇಲೆ ಬೋರಲು ಮಲಗಿ, ಭುಜದವರೆಗೂ ಕೈ ಇಳಿಬಿಟ್ಟಿದ್ದರು.

"ಬಾ," ಎಂದರು.

ಬನ್ನಿ ಅಲ್ಲ, ಬಾ. ಅದಕ್ಕೆ ಯಾವ ಅನುವಾದವೂ ಬೇಕಿರಲಿಲ್ಲ.

ಮೇಲೆ ಬಂದ ಮೇಲೂ ಇಬ್ಬರೂ ಧೂಳಿನಲ್ಲೇ ಕುಳಿತಿದ್ದರು. ಅವರು ಕೈ ಬಿಟ್ಟಿರಲಿಲ್ಲ.

"ಮೊದಲು ಹೋಗೋರಿಗೆ ಇಷ್ಟು ಭಯ ಆಗುತ್ತೆ ಅಂತ ಗೊತ್ತಿರಲಿಲ್ಲ," ಎಂದರು.

"ಇನ್ನು ಏನೂ ಆಗಲ್ಲ ಅಲ್ವಾ?"

"ಗೊತ್ತಿಲ್ಲ. ಏನೇ ಆದ್ರೂ ಜೊತೆಗಿರ್ತೀನಿ."

ಕರೆಂಟ್ ಬಂತು. ಲಿಫ್ಟ್ ಅವರ ಊರುಗೋಲನ್ನು ಒಳಗೇ ಇಟ್ಟುಕೊಂಡು, ತಾನೊಂದೇ ಕೆಳಗೆ ಇಳಿದುಹೋಯಿತು.